ಮೂವತ್ತೇಳರ ಷೆವರ್ಲೆಯ ಅಡಿಯಲ್ಲಿ

ಅವಳು ಅವನನ್ನು ಮೊದಲ ಸಲ ನೋಡಿದಾಗ ಕಂಡದ್ದು ಎರಡು ಪಾದಗಳು ಮಾತ್ರ.

ಅಣ್ಣ ಬೆಳಿಗ್ಗೆ ಊಟದ ಡಬ್ಬಿ ಮರೆತು ಹೋಗಿದ್ದ. ಅದನ್ನು ಕೊಡಲು ಅವಳು ಗ್ಯಾರೇಜಿಗೆ ಬಂದಿದ್ದಳು. ಉದ್ದನೆಯ ತಗಡಿನ ಮಾಡಿನ ಕೆಳಗೆ ಹಳೆಯ ಕಾರುಗಳು ಕೊಟ್ಟಿಗೆಯ ದನಗಳಂತೆ ಸಾಲಾಗಿ ನಿಂತಿದ್ದವು. ನೆಲ ಎಣ್ಣೆ ಕುಡಿದು ಕುಡಿದು ಕಪ್ಪಾಗಿ, ಕಾಲಿಟ್ಟರೆ ಮೆತ್ತಗೆ ಅಂಟುತ್ತಿತ್ತು. ಅಣ್ಣ ಎಲ್ಲೂ ಕಾಣಲಿಲ್ಲ. ದಪ್ಪ ಮೂತಿಯ ಒಂದು ಕಪ್ಪು ಕಾರಿನ ಕೆಳಗಿನಿಂದ ಪಾದಗಳು ಹೊರಗೆ ಚಾಚಿದ್ದವು. ಎಡಗಾಲಿನ ಹೆಬ್ಬೆರಳಿನ ಉಗುರು ಕಂದಿತ್ತು. ಬಲಗಾಲಿನ ಚಪ್ಪಲಿಯ ಪಟ್ಟಿಯನ್ನು ತಂತಿಯಿಂದ ಬಿಗಿಯಲಾಗಿತ್ತು.

“ಲೇ, ಅರ್ಧ ಇಂಚಿನ ಸ್ಪ್ಯಾನರ್ ಕೊಡೋ,” ಎಂದಿತು ಕಾರಿನ ಕೆಳಗಿನ ದನಿ. ಒಂದು ಕೈ ಹೊರಬಂದು ಬೆರಳಾಡಿಸಿತು.

ಅವಳು ನೆಲದ ಮೇಲೆ ಹರಡಿದ್ದವುಗಳಲ್ಲಿ ಒಂದನ್ನು ಎತ್ತಿ ಆ ಕೈಗಿಟ್ಟಳು.

“ಇದು ಒಂಬತ್ತು ಬೈ ಹದಿನಾರು ಇಂಚಿಂದು ಕಣೋ! ಕಣ್ಣು ಮನೇಲಿ ಬಿಟ್ಟು ಬಂದಿದ್ಯಾ?”

“ಮನೇಲಿ ಬಿಟ್ಟು ಬಂದಿದ್ರೆ ಇಷ್ಟೊತ್ತಿಗೆ ನಿಮ್ಮ ಕಾಲು ತುಳಿದಿರ್ತಿದ್ದೆ,” ಅಂದಳು ಅವಳು.

ಕೆಳಗೆ ಠಣ್ ಎಂದಿತು. ತಲೆ ಎಲ್ಲೋ ತಾಗಿರಬೇಕು. ಪಾದಗಳು ನಿಧಾನವಾಗಿ ತೆವಳಿದವು, ಮೊಣಕಾಲು ಬಂತು, ಗ್ರೀಸು ಮೆತ್ತಿದ ಅಂಗಿ ಬಂತು, ಕೊನೆಗೆ ನಾಚಿಕೆಯಿಂದ ಕೆಂಪಾದ ಒಂದು ಮುಖ. ಅಷ್ಟರಲ್ಲಿ ಅಣ್ಣ ಹಿಂದಿನಿಂದ ಬಂದು ಗಹಗಹಿಸಿ ನಕ್ಕ. “ಇವನೇ ನಮ್ಮ ಅಂಗಾತಪ್ಪ. ಎದ್ದು ನಿಂತಿದ್ದನ್ನ ಇವತ್ತೇ ನಾನೂ ನೋಡ್ತಿರೋದು.”

ಹೆಸರು ಬೇರೆ ಇತ್ತು. ಆದರೆ ಯಾವಾಗಲೂ ಕಾರಿನಡಿ ಅಂಗಾತ ಮಲಗಿರುತ್ತಿದ್ದರಿಂದ ಗ್ಯಾರೇಜಿನಲ್ಲಿ ಅದೇ ಹೆಸರು ಉಳಿದಿತ್ತು. ಮದುವೆಯಾದ ಮೇಲೆ ಅವಳೂ ಸಿಟ್ಟು ಬಂದಾಗ ಹಾಗೇ ಕರೆಯುತ್ತಿದ್ದಳು.

ಗ್ಯಾರೇಜಿನ ಹಿಂದೆ ಒಂದೇ ಗೋಡೆಯ ಆಚೆ ಈಚೆ ಎರಡು ಮನೆಗಳು. ಒಂದರಲ್ಲಿ ಅಣ್ಣ, ಅತ್ತಿಗೆ, ಇನ್ನೊಂದರಲ್ಲಿ ಇವರಿಬ್ಬರು. ಅತ್ತಿಗೆ ಪಾತ್ರೆ ತೊಳೆದರೆ ಇವಳಿಗೆ ಕೇಳಿಸುತ್ತಿತ್ತು, ಇವಳು ಗಂಡನಿಗೆ ಬೈದರೆ ಅತ್ತಿಗೆ ಆ ಕಡೆಯಿಂದ “ಇನ್ನೊಂದು ಸ್ವಲ್ಪ ಹಾಕು” ಅನ್ನುತ್ತಿದ್ದಳು. ಹೊಲಿಗೆ ಬಲ್ಲ ತಂಗಿಗೆ ಅಣ್ಣನೇ ಒಂದು ದಪ್ಪ ಹೊಲಿಗೆ ಮಿಶನ್ನು ತಂದುಕೊಟ್ಟ. ಅದನ್ನು ಅಂಗಳದ ಕಡೆಯ ಕಿಟಕಿಯ ಬಳಿ ಇಟ್ಟುಕೊಂಡು ಅವಳು ಹಳೆಯ ಕಾರುಗಳ ಸೀಟು ಹೊಲಿಯತೊಡಗಿದಳು. ಅಣ್ಣನದು ಮೈ ಕೆಲಸ, ತಗಡು ಬಡಿದು ತಿದ್ದಿ ಬಣ್ಣ ಹಚ್ಚುವುದು. ಗಂಡನದು ಅಡಿಯ ಕೆಲಸ. ಹೀಗೆ ಒಂದೊಂದು ಕಾರೂ ಮೂವರ ಕೈ ದಾಟಿ ಹೋಗುತ್ತಿತ್ತು.

ಭಾವ ಭಾವಮೈದುನರಿಗೆ ಮುಗಿಯದ ಒಂದು ತಕರಾರಿತ್ತು. ಯುದ್ಧಕ್ಕೆ ಮುಂಚಿನ ಷೆವರ್ಲೆ, ಅದರಲ್ಲೂ ಸಾವಿರದ ಒಂಬೈನೂರ ಮೂವತ್ತೇಳರದ್ದು, ಎರಡು ಬಗೆಯಲ್ಲಿ ಬರುತ್ತಿತ್ತು. ಒಂದು ಮಾಸ್ಟರ್, ಇನ್ನೊಂದು ಮಾಸ್ಟರ್ ಡೀಲಕ್ಸ್. ಗ್ಯಾರೇಜಿನ ಬಾಯಲ್ಲಿ ಒಂದು ಸಾದಾ, ಒಂದು ಡೀಲಕ್ಸ್. ದೂರದಿಂದ ನೋಡಿದರೆ ಒಂದೇ ತಾಯಿಯ ಮಕ್ಕಳು. ಹತ್ತಿರ ಬಂದು ನೋಡಿದರೆ ಡೀಲಕ್ಸಿಗೆ ಹಿಂದೆ ಎರಡು ದೀಪ, ಗಾಜು ಒರೆಸಲು ಎರಡು ಕಡ್ಡಿ, ಒಳಗೆ ಬಿಸಿಲು ತಡೆಯಲು ಎರಡು ಪಟ್ಟಿ. ಸಾದಾಕ್ಕೆ ಎಲ್ಲವೂ ಒಂದೊಂದು. ಅಣ್ಣ ಒಂದು ಸುತ್ತು ಬಂದು ಇಷ್ಟನ್ನು ನೋಡಿ ಹೇಳಿಬಿಡುತ್ತಿದ್ದ.

“ದೀಪ ಯಾರು ಬೇಕಾದ್ರೂ ಸಿಕ್ಕಿಸ್ತಾರೆ ಭಾವ,” ಅನ್ನುತ್ತಿದ್ದ ಗಂಡ. “ಬಾಗಿಲ ಬಣ್ಣ ನೋಡಿ ಮನೆ ಕೊಂಡ್ಕೊಳ್ಳೋ ಜಾತಿ ನೀನು. ಕೆಳಗೆ ನೋಡಬೇಕು.”

ಕೆಳಗಿನ ಗುಟ್ಟನ್ನು ಅವನು ಅವಳಿಗೆ ಒಂದು ಸಂಜೆ ಹೊಲಿಗೆಯ ಸೀಮೆಸುಣ್ಣದಿಂದ ನೆಲದ ಮೇಲೆ ಬರೆದು ತೋರಿಸಿದ್ದ. ಸಾದಾಕ್ಕೆ ಮುಂದಿನ ಒಂದು ಗಾಲಿಯಿಂದ ಇನ್ನೊಂದು ಗಾಲಿಗೆ ನೇರವಾಗಿ ಹಾಯುವ ಉಕ್ಕಿನ ದಿಂಡು, ಅದರ ಮೇಲೆ ಪಟ್ಟಿ ಪಟ್ಟಿ ಸ್ಪ್ರಿಂಗು. ಡೀಲಕ್ಸಿಗಾದರೆ ಪ್ರತಿ ಗಾಲಿಯ ಒಳಬದಿಗೆ ಎಣ್ಣೆ ತುಂಬಿದ ಒಂದು ಗುಂಡು ಡಬ್ಬಿ, ಸ್ಪ್ರಿಂಗು ಅದರ ಹೊಟ್ಟೆಯಲ್ಲಿ. ಹೊಂಡ ಬಂದರೆ ಒಂದೊಂದು ಗಾಲಿಯೂ ತನ್ನಷ್ಟಕ್ಕೆ ಮೊಣಕಾಲಿನಂತೆ ಮಡಚಿಕೊಳ್ಳುತ್ತದೆ. ಅದಕ್ಕೆ ಅವರು ‘ಮಂಡಿ’ ಎನ್ನುತ್ತಿದ್ದರು. “ಮಂಡಿ ಇದ್ರೆ ಡೀಲಕ್ಸು, ದಿಂಡು ಇದ್ರೆ ಸಾದಾ. ಗಾಡಿ ಅಡಿ ಸುಳ್ಳು ಹೇಳಲ್ಲ ಕಣೆ,” ಅಂದಿದ್ದ.

ಆ ದಿನ ಮಾಡಿನಡಿ ಜಾಗವಿರಲಿಲ್ಲ. ಮಾರಾಟಕ್ಕೆ ಸಿದ್ಧಮಾಡಲು ಬಂದ ಬೂದು ಬಣ್ಣದ ಷೆವರ್ಲೆಯನ್ನು ಅಂಗಳದಲ್ಲೇ ನಿಲ್ಲಿಸಿದ್ದರು. ಬೆಳಗಿನ ಮಳೆಗೆ ಮಣ್ಣು ನೆನೆದಿತ್ತು. ಅವಳು ಕಿಟಕಿಯ ಬಳಿ ಕುಳಿತು ಆ ಕಾರಿನ ಸೀಟನ್ನೇ ಹೊಲಿಯುತ್ತಿದ್ದಳು. ಮುಂದಿನ ಸೀಟು ಮುಗಿದಿತ್ತು, ಹಿಂದಿನದು ಬಾಕಿ.

“ಡೀಲಕ್ಸು. ಕಣ್ಣು ಮುಚ್ಕೊಂಡು ಹೇಳ್ತೀನಿ,” ಅಂದ ಅಣ್ಣ ಹೊರಗೆ.

“ಕಣ್ಣು ಮುಚ್ಕೊಂಡೇ ಅಲ್ವಾ ನೀನು ಯಾವಾಗ್ಲೂ ಹೇಳೋದು? ಇದು ಸಾದಾ. ನಡಿಗೆ ನೋಡಿದ್ರೆ ಗೊತ್ತಾಗಲ್ವಾ, ಒಳಗೆ ಬರ್ತಾ ಹೇಗೆ ಕುಣೀತು!”

“ಬಾಯಲ್ಲಿ ಯಾಕೆ ಹೇಳ್ತೀಯ ಅಂಗಾತಪ್ಪ? ಮಲಕ್ಕೊಂಡು ನೋಡಿ ಹೇಳು. ಇಲ್ಲಾ ಅಂದ್ರೆ ಹೆಸರು ಬದಲಾಯಿಸ್ಕೋ.”

ಕಾರನ್ನು ಎತ್ತಿದ ಮೇಲೆ ಕೆಳಗೆ ಮರದ ದಿಮ್ಮಿ ಕೊಡದೆ ಗಂಡ ಎಂದೂ ಮಲಗಿದವನಲ್ಲ. ಅಂದು ದಿಮ್ಮಿಗಳೆಲ್ಲ ಒಳಗೆ ಬೇರೆ ಕಾರಿನ ಕೆಳಗಿದ್ದವು. “ಒಂದು ಕಣ್ಣು ಹಾಕಿ ಬರ್ತೀನಿ, ಅಷ್ಟೇ,” ಅಂದ. ಜ್ಯಾಕಿನ ಹಿಡಿ ಕಿರುಗುಟ್ಟಿದ್ದು ಅವಳಿಗೆ ಕೇಳಿಸಿತು. ಅಣ್ಣ ನಗುತ್ತಲೇ ಇದ್ದ. ಆಮೇಲೆ ಕಾರಿನಡಿಯಿಂದ ಗಂಡನ ದನಿ ಬಂತು. “ಭಾವಾ, ಇಲ್ಲಿ ನೋಡು ಬಾ.”

ಜ್ಯಾಕು ಮಣ್ಣಿನಲ್ಲಿ ಕುಸಿದು ವಾಲಿತು, ಕಾರು ಅವನ ಮೇಲೆ ಬಿತ್ತು.

ವಿಚಾರಣೆಗೆ ಬಂದವರು ಜ್ಯಾಕು ಜಾರಿತು ಎಂದು ಬರೆದುಕೊಂಡು ಹೋದರು. ಕಾರಿನ ಒಡೆಯ ತನ್ನ ಗಾಡಿಯನ್ನು ಅರ್ಧ ಕೆಲಸದಲ್ಲೇ ಎಳೆಸಿಕೊಂಡು ಹೋಗಿ ಯಾರಿಗೋ ಕೊಟ್ಟುಬಿಟ್ಟ. ಅದು ಯಾವ ಬಗೆಯದಾಗಿತ್ತು ಎಂದು ಆ ದಿನ ಯಾರೂ ನೋಡಲಿಲ್ಲ. ನೋಡುವ ಸ್ಥಿತಿಯಲ್ಲಿ ಯಾರಿದ್ದರು?

ಊರೇ ಕೇಳುವಂತೆ ನಗುತ್ತಿದ್ದ ಅಣ್ಣ ಮಾತು ಬಿಟ್ಟ. ತಗಡು ಬಡಿಯುವ ಕೆಲಸ ನಡೆಸಿದ, ಆದರೆ ಯಾರಾದರೂ ಇದು ಯಾವ ಮಾಡೆಲ್ಲು ಎಂದು ಕೇಳಿದರೆ “ನಂಗೊತ್ತಿಲ್ಲ” ಎಂದು ಸುತ್ತಿಗೆ ಎತ್ತಿಕೊಳ್ಳುತ್ತಿದ್ದ. ಗೋಡೆಯ ಆ ಕಡೆಯಿಂದ ಈಗ ಪಾತ್ರೆಯ ಸದ್ದು ಮಾತ್ರ ಬರುತ್ತಿತ್ತು. ಅತ್ತಿಗೆ ಬಂದು ಇವಳ ಪಕ್ಕ ಕೂರುತ್ತಿದ್ದಳು, ಸೆರಗಿನಿಂದ ಮಿಶನ್ನಿನ ಧೂಳು ಒರೆಸಿ ಎದ್ದು ಹೋಗುತ್ತಿದ್ದಳು.

ಅವಳಿಗೆ ಅಣ್ಣನ ಮೇಲೆ ಸಿಟ್ಟಿತ್ತೇ? ಇತ್ತು, ಇರಲಿಲ್ಲ. ಅವನು ಆಡಿದ್ದು ದಿನವೂ ಆಡುತ್ತಿದ್ದ ಮಾತು. ಅವಳನ್ನು ಒಳಗೊಳಗೇ ಕೊರೆಯುತ್ತಿದ್ದದ್ದು ಗಂಡನ ಆ ಕೊನೆಯ ಮಾತು. ಇಲ್ಲಿ ನೋಡು ಬಾ. ಏನನ್ನು ನೋಡು? ಗೆದ್ದೆ ಎಂದು ಕರೆದನೋ, ಸೋತೆ ಎಂದು ಕರೆದನೋ? ಅವನು ಕಣ್ಣಿನಿಂದ ಕಟ್ಟಕಡೆಗೆ ನೋಡಿದ್ದು ಏನು ಎಂದು ತಿಳಿಯದೆ ಅವಳಿಗೆ ಅವನು ಸತ್ತದ್ದೇ ಪೂರ್ತಿಯಾಗಿ ನಂಬಿಕೆಗೆ ಬರುತ್ತಿರಲಿಲ್ಲ.

ಒಂದು ದಿನ ಊಟಕ್ಕೆ ಕೂತಾಗ ಕೇಳಿದಳು. “ಅಣ್ಣ, ಆ ಗಾಡಿ ಯಾವುದಾಗಿತ್ತು?”

ಅಣ್ಣ ತಟ್ಟೆ ಬಿಟ್ಟು ಎದ್ದುಹೋದ. ಹೊಸಿಲು ದಾಟುವಾಗ ಬೆನ್ನು ತಿರುಗಿಸಿಕೊಂಡೇ ಅಂದ. “ತಿಳಿದ್ರೆ ನಂಗೂ ಹೇಳು.”

ಅಂದಿನಿಂದ ಅವಳು ಹೊರಗಿನ ಕೆಲಸ ಹಿಡಿದಳು. ಹಳೆಯ ಕಾರು ಇಟ್ಟವರ ಶೆಡ್ಡುಗಳಿಗೆ ಹೋಗಿ ಅಲ್ಲೇ ಸೀಟು ಹೊಲಿದುಕೊಡುವುದು. ಕೆಲಸ ನೆಪ, ಹುಡುಕುತ್ತಿದ್ದದ್ದು ಆ ಬೂದು ಷೆವರ್ಲೆಯನ್ನು. ಷೆವರ್ಲೆ ಕಂಡಲ್ಲೆಲ್ಲ ಮೊದಲು ಸೀಟು ಸವರಿ ನೋಡುವಳು, ಅದು ತನ್ನ ಹೊಲಿಗೆಯಾಗಿರುತ್ತಿರಲಿಲ್ಲ. ಆದರೂ ಗೋಣಿ ಹಾಸಿ ಕೆಳಗೆ ಮಲಗುವಳು, ಅಡಿ ಹೇಗಿರುತ್ತದೆಂದು ಕಣ್ಣಿಗೆ ಪರಿಚಯವಾಗಲಿ ಎಂದು. ಶೆಡ್ಡಿನವರು ನಗುತ್ತಿದ್ದರು.

“ಅಕ್ಕ, ಏನು ಕಳ್ಕೊಂಡಿದ್ದೀರಾ ಅಲ್ಲಿ? ಸೂಜಿನಾ?”

“ಸೂಜಿ ಇಲ್ಲೇ ಇದೆ. ನಿಮ್ಮ ಎಣ್ಣೆ ಸೋರ್ತಿದೆ, ಅದನ್ನ ನೋಡ್ಕೊಳ್ಳಿ,” ಅನ್ನುವಳು. ಡೀಲಕ್ಸಿನ ಮಂಡಿಗಳು ಸೋರುವುದು ಅವಳಿಗೆ ಆಗಲೇ ತಿಳಿದಿತ್ತು. ಎರಡು ದೀಪ ಸಿಕ್ಕಿಸಿಕೊಂಡ ಸಾದಾಗಳನ್ನೂ ಕಂಡಳು. ಗಂಡ ಹೇಳಿದ್ದು ಸುಳ್ಳಲ್ಲ ಅನ್ನಿಸಿ ಅವತ್ತೆಲ್ಲ ಮನಸ್ಸಿಗೆ ಒಂದು ಬಗೆಯ ಹಗುರ.

ಬೂದು ಷೆವರ್ಲೆ ಸಿಕ್ಕಿದ್ದು ಒಬ್ಬ ಮುದುಕನ ಶೆಡ್ಡಿನಲ್ಲಿ. ಟಾರ್ಪಾಲು ಎತ್ತಿದರೆ ಬಣ್ಣ ಹಸಿರಾಗಿತ್ತು, ಮುಂದಿನ ಸೀಟು ಮಾತ್ರ ಅದೇ. ನಡುವೆ ದಾರ ಮುಗಿದು ಒಳಹೊಲಿಗೆಗೆ ಅವಳು ಹಾಕಿದ್ದ ನೀಲಿ ದಾರ ಹಾಗೇ ಇತ್ತು. ಹಿಂದಿನ ಸೀಟನ್ನು ಬೇರೆ ಯಾರೋ ಒರಟಾಗಿ ಹೊಲಿದಿದ್ದರು.

“ಇದನ್ನ ಎತ್ತಿಸಿ ಅಜ್ಜ. ಕೆಳಗೆ ನೋಡಬೇಕು.”

“ಸೀಟು ಹೊಲಿಯೋದಕ್ಕೆ ಕೆಳಗೇನಿದೆ ತಾಯಿ?” ಎಂದರೂ ಮುದುಕ ಎತ್ತಿಸಿದ. ನಾಲ್ಕೂ ಕಡೆ ದಿಮ್ಮಿ ಕೊಡಿಸಿ, ಒಂದೊಂದನ್ನೂ ಕಾಲಿನಿಂದ ಒದ್ದು ನೋಡಿ, ಅವಳು ಬೆನ್ನ ಮೇಲೆ ತೆವಳಿ ಒಳಗೆ ಹೋದಳು.

ದಿಂಡು. ಈ ಗಾಲಿಯಿಂದ ಆ ಗಾಲಿಗೆ ನೇರವಾದ ಉಕ್ಕಿನ ದಿಂಡು.

ಗಂಡ ಗೆದ್ದಿದ್ದ. ಅವಳಿಗೆ ಅಳು ಬಂತು, ಕಣ್ಣೀರು ಕಿವಿಗೆ ಇಳಿಯಿತು. ಒರೆಸಿಕೊಂಡು ದೀಪವನ್ನು ಇನ್ನಷ್ಟು ಮುಂದೆ ಹಿಡಿದಾಗ ಬೆಸುಗೆ ಕಂಡಿತು. ಅಡಿಚೌಕಟ್ಟಿಗೆ ಸ್ಪ್ರಿಂಗು ಕೂರಿಸಲು ಹಾಕಿದ ಒರಟು ಬೆಸುಗೆ, ಪಕ್ಕದಲ್ಲಿ ಬೋಲ್ಟಿಲ್ಲದ ಖಾಲಿ ತೂತುಗಳು. ಅಲ್ಲಿ ಮೊದಲು ಬೇರೇನೋ ಇತ್ತು.

“ಇದಕ್ಕೆ ಮಂಡಿ ಇತ್ತಾ ಅಜ್ಜ?” ಮಲಗಿದಲ್ಲಿಂದಲೇ ಕೇಳಿದಳು.

“ಇದ್ದಿರಬೇಕು. ಸೋರೋಕೆ ಶುರುವಾದ್ರೆ ರಿಪೇರಿ ಮಾಡೋರು ಎಲ್ಲಿ ಸಿಗ್ತಾರೆ? ಕಿತ್ತು ಬಿಸಾಕಿ, ಸಾದಾದ ದಿಂಡು ತಂದು ಕೂರಿಸ್ತಾರೆ. ಬೇಕಾದಷ್ಟು ಗಾಡಿಗೆ ಮಾಡಿದಾರೆ.”

“ಯಾವಾಗ ಮಾಡಿದ್ದು?”

“ನನ್ನ ಹತ್ತಿರ ಬರೋಕೆ ಮುಂಚೆ. ಎಷ್ಟು ಕೈ ದಾಟಿ ಬಂದಿದ್ಯೋ.”

ಅವಳು ಬೆಸುಗೆಯ ಮೇಲೆ ಬೆರಳಾಡಿಸಿದಳು. ತುಕ್ಕು, ಅದರ ಮೇಲೆ ಗ್ರೀಸು, ಅದರ ಮೇಲೆ ಮಣ್ಣು. ಆ ದಿನಕ್ಕೆ ಮೊದಲೇ ಹಾಕಿದ್ದಾದರೆ ಗಂಡ ಕಂಡದ್ದು ಇದನ್ನೇ: ಹುಟ್ಟಿನಲ್ಲಿ ಡೀಲಕ್ಸು, ಈಗ ಸಾದಾ, ಇಬ್ಬರೂ ಸರಿ. ಆಶ್ಚರ್ಯವಾಗಿ ಭಾವನನ್ನು ಕರೆದಿರಬಹುದು. ಆಮೇಲೆ ಹಾಕಿದ್ದಾದರೆ ಅವನು ಕಂಡದ್ದು ಸೋರುವ ಎರಡು ಮಂಡಿಗಳನ್ನು. ಸೋತೆ ಎನ್ನಲು ಕರೆದಿದ್ದ. ಬಹಳ ಹೊತ್ತು ನೋಡಿದಳು. ತುಕ್ಕಿನ ವಯಸ್ಸು ಹೇಳಲು ಅವಳಿಗೆ ಬರಲಿಲ್ಲ.

ಅಣ್ಣ ಜಗಲಿಯ ಮೇಲೆ ಕೂತಿದ್ದ. ಅವಳ ಬೆನ್ನಿನ ಮಣ್ಣು ನೋಡಿ ಅವನಿಗೆ ಗೊತ್ತಾಯಿತು.

“ಸಿಕ್ತಾ?”

“ಸಿಕ್ತು.” ಕಂಡದ್ದನ್ನೆಲ್ಲ ಹೇಳಿದಳು. “ಇಬ್ಬರದೂ ಸರಿ ಇರಬಹುದು. ಅವರು ಸೋತೂ ಇರಬಹುದು. ಗೊತ್ತಾಗಲಿಲ್ಲ ಅಣ್ಣ.”

ಅಣ್ಣ ಅಂಗಳದ ಕಡೆ ತಿರುಗಿದ. “ನೀನೇ ಗೆದ್ದೆ ಅಂತಲೋ, ಅವನೇ ಗೆದ್ದ ಅಂತಲೋ ಒಂದು ಸುಳ್ಳು ಹೇಳಬಾರದಿತ್ತಾ?”

“ಯಾವ ಸುಳ್ಳು ಬೇಕಿತ್ತು ನಿಂಗೆ?”

ಅಣ್ಣ ಎರಡೂ ಕೈಗಳಿಂದ ಮುಖ ಉಜ್ಜಿಕೊಂಡ. “ಇಷ್ಟಕ್ಕಾ ನಾವು ಜಗಳ ಆಡಿದ್ದು?”

“ಜಗಳ ಎಲ್ಲಿ ಆಡಿದ್ರಿ? ತಮಾಷೆ ಮಾಡ್ತಿದ್ರಿ.”

“ಅದೇ,” ಅಂದ ಅಣ್ಣ. ಒಳಗೆ ಅತ್ತಿಗೆ ಅಳುವುದು ಕೇಳಿಸಿತು.

ಆ ಮೇಲೆ ಅಣ್ಣ ಗ್ಯಾರೇಜಿನ ಕೆಲಸ ಬಿಟ್ಟು ಒಂದು ಗೋದಾಮಿನ ಬಾಗಿಲು ಕಾಯುವುದಕ್ಕೆ ಸೇರಿಕೊಂಡ. ಸಂಜೆ ಬರುತ್ತಾನೆ, ತಂಗಿಯ ಬಾಗಿಲಲ್ಲಿ ನಿಂತು “ಉಂಡ್ಯಾ?” ಎನ್ನುತ್ತಾನೆ, “ಹೂಂ” ಎಂದರೆ ಹೋಗುತ್ತಾನೆ.

ಅವಳು ಈಗಲೂ ಶೆಡ್ಡಿನಿಂದ ಶೆಡ್ಡಿಗೆ ಹೋಗಿ ಹಳೆಯ ಕಾರುಗಳ ಸೀಟು ಹೊಲಿಯುತ್ತಾಳೆ. ಷೆವರ್ಲೆ ಕೊಳ್ಳುವವರು ಸಾದಾವೋ ಡೀಲಕ್ಸೋ ನೋಡಿ ಹೇಳಿ ಎಂದು ಅವಳನ್ನು ಕರೆಸುತ್ತಾರೆ. ದಿಮ್ಮಿ ಕೊಡಿಸಿ ಕೆಳಗೆ ಮಲಗಿ ನೋಡಿ, ಇವತ್ತು ಅಲ್ಲಿ ಏನಿದೆಯೋ ಅಷ್ಟನ್ನು ಹೇಳುತ್ತಾಳೆ.