ಸೈಮಿಯ ಟ್ರೇಲರಿಗೆ ಸ್ಕೀ ಕಟ್ಟಿದ್ದು

ಅರ್ಧ ವರ್ಷ ಹಿಮ ಹೊದ್ದಿರುವ ಕಾಯ್ನು ಸೀಮೆಯ ನಮ್ಮ ಕುರ್ಕಿ ಕೆರೆಯ ದಂಡೆಯಲ್ಲಿ ಸೈಮಿ ಅಂತ ಒಬ್ಬಳಿದ್ದಾಳೆ. ವಯಸ್ಸು ಐವತ್ತೆಂಟು. ಅಂಗಡಿಯವನು ಬೆಣ್ಣೆ ತೂಗಿಕೊಟ್ಟರೆ ಮನೆಗೆ ಹೋಗಿ ಇನ್ನೊಮ್ಮೆ ತೂಗುವವಳು. ಹಿಮ ಬೀಳುತ್ತಿದೆ ಅಂತ ರೇಡಿಯೋ ಹೇಳಿದರೆ ಕಿಟಕಿಯಾಚೆ ಕೈ ಚಾಚಿ ನೋಡುವವಳು. ಅವಳು ಕಣ್ಣುಮುಚ್ಚಿ ನಂಬಿರುವುದು ತನ್ನ ಇಟ್ಟಿಗೆ ಒಲೆಯೊಂದನ್ನೇ. ಮಂಗಳವಾರ, ಶುಕ್ರವಾರ ಅದರಿಂದ ಹೊರಬರುವ ರೈ ಬ್ರೆಡ್ಡು ತಿನ್ನದ ಮನೆ ಈ ದಂಡೆಯಲ್ಲಿಲ್ಲ.

ಆ ಒಲೆಗೆ ಬರ್ಚ್ ಸೌದೆಯೇ ಆಗಬೇಕು. ಅಕ್ಟೋಬರಿನಲ್ಲಿ ಕೆರೆಯ ನಡುಗಡ್ಡೆಯಲ್ಲಿರುವ ಅಪ್ಪನ ಕಾಲದ ತೋಪಿನಲ್ಲಿ ಸೈಮಿ ಮೂವತ್ತು ಮರ ಕಡಿದು ಅಲ್ಲೇ ಒಟ್ಟಿದ್ದಳು. ತೊಗಟೆ ಸಮೇತ ಒಂದು ಬೇಸಿಗೆ ಬಿಟ್ಟರೆ ಬರ್ಚ್ ಒಳಗೊಳಗೇ ಕೊಳೆತು ನೆನೆದ ರಸ್ಕಿನ ಹಾಗಾಗುತ್ತದೆ. ಆಗ ಮುಂದಿನ ಚಳಿಗಾಲ ಒಲೆ ತಣ್ಣಗೆ. ಏಪ್ರಿಲ್ ಕಳೆದರೆ ಕೆರೆಯ ಮಂಜುಗಡ್ಡೆ ಕಾಲಿಡಲು ಬಿಡುವುದಿಲ್ಲ. ಹಾಗಾಗಿ ಅದರೊಳಗೆ ಅಷ್ಟೂ ದಿಮ್ಮಿ ಈಚೆ ದಂಡೆಗೆ ಬರಲೇಬೇಕಿತ್ತು.

ಪಕ್ಕದ ಮನೆಯ ಎನ್ಸಿಯೋ ಮೀನು ಹಿಡಿಯುವವನು, ಇವಳದೇ ಓರಗೆ. ಫೆಬ್ರವರಿಯಲ್ಲಿ ಬೇಲಿಯ ಹತ್ತಿರ ನಿಂತು ಹೇಳಿದ:

"ನನ್ನ ದೊಡ್ಡ ಜಾರುಬಂಡಿ ಸುಮ್ನೆ ಬಿದ್ದಿದೆ ಸೈಮಿ, ತಗೊಂಡು ಹೋಗು."

"ಬದಲಿಗೆ ಏನು ಬೇಕು?"

"ಏನೂ ಬೇಡ ಕಣೇ."

"ಏನೂ ಬೇಡ ಅನ್ನೋರನ್ನ ಕಂಡ್ರೆ ನಂಗೆ ಬೆನ್ನು ಚುಳ್ ಅನ್ನತ್ತೆ. ಬೇಡ ಹೋಗು."

ನಡುಗಡ್ಡೆಯ ಕೊಲ್ಲಿಯಲ್ಲಿ ಒಳ್ಳೆಯ ಮೀನಿದೆ, ಅದರ ಮೇಲೆ ಇವನ ಕಣ್ಣಿದೆ ಅಂತ ಅವಳ ಗುಮಾನಿ. ಇವತ್ತು ಬಂಡಿ ಕೊಟ್ಟವನು ನಾಳೆ ಬಲೆ ಹಾಕುತ್ತಾನೆ ಅಂತ ನಮ್ಮೆಲ್ಲರ ಹತ್ತಿರ ಹೇಳಿಕೊಂಡು ತಿರುಗಿದಳು.

ಅವಳ ಹತ್ತಿರ ಕಾರಿನ ಹಿಂದೆ ಕಟ್ಟುವ ಚಿಕ್ಕ ಟ್ರೇಲರು ಇತ್ತು, ಹಿಮದ ಮೇಲೆ ಓಡಿಸುವ ಹಳೆಯ ಸ್ಕೂಟರೂ ಇತ್ತು. ಟ್ರೇಲರಿನ ಚಕ್ರ ಮೊಣಕಾಲುದ್ದದ ಹಿಮದಲ್ಲಿ ಹೂತುಹೋಗುತ್ತದೆ. ಸೈಮಿ ಎರಡೂ ಚಕ್ರ ಕಳಚಿ ಗೋಡೆಗೆ ಒರಗಿಸಿದಳು. ತನಗಿಂತ ಉದ್ದದ ಎರಡು ಹಲಗೆ ಆರಿಸಿ, ತುದಿಗಳನ್ನು ಸೌನಾದ, ಅಂದರೆ ಬಿಸಿ ಹಬೆಯ ಸ್ನಾನದ ಕೋಣೆಯ, ಹಂಡೆಯಲ್ಲಿ ಅರ್ಧ ದಿನ ಕುದಿಸಿದಳು. ಮೆತ್ತಗಾದ ತುದಿಯನ್ನು ಏಣಿಯ ಮೆಟ್ಟಿಲುಗಳ ನಡುವೆ ಸಿಕ್ಕಿಸಿ ಬಗ್ಗಿಸಿ, ಹತ್ತು ದಿನ ಹಾಗೇ ಒಣಗಲು ಬಿಟ್ಟಳು. ಸಲೀಸಾಗಿ ಜಾರಲಿ ಅಂತ ಹಲಗೆಗಳ ತಳಕ್ಕೆ ನೀಲಿ ಪೀಪಾಯಿ ಕತ್ತರಿಸಿ ಪ್ಲಾಸ್ಟಿಕ್ ಪಟ್ಟಿ ಬಡಿದಳು. ಚಕ್ರ ಕೂರುವ ಜಾಗಕ್ಕೇ ಈ ಜಾರುಹಲಗೆ ಸ್ಕೀಗಳನ್ನು ಬೋಲ್ಟು ಹಾಕಿ ಕೂರಿಸಿದಳು, ದಿಬ್ಬ ಬಂದರೆ ತಲೆದೂಗುವಷ್ಟು ಸಡಿಲ ಬಿಟ್ಟು. ಮೂತಿ ಹಿಮಕ್ಕೆ ಚುಚ್ಚಿಕೊಳ್ಳದಂತೆ ತುದಿಯಿಂದ ಟ್ರೇಲರಿನ ಮುಂಭಾಗಕ್ಕೆ ಹಗ್ಗ ಎಳೆದು ಕಟ್ಟಿದಳು.

ಎನ್ಸಿಯೋ ಬೇಲಿಯಾಚೆಯಿಂದ ಎಲ್ಲ ನೋಡುತ್ತಿದ್ದ. "ಆ ನೀಲಿ ಪೀಪಾಯಿ ಯಾರ್ದು?"

"ನಂದೇ. ಯಾಕೆ, ನಿಂದು ಕಳೆದಿದ್ಯಾ?"

"ಎಣಿಸಿ ನೋಡ್ಬೇಕು," ಅಂದ ಅವನು. ನಿಜವಾಗಿಯೂ ಹೋಗಿ ಎಣಿಸಿದ. ಎಲ್ಲ ಇದ್ದವು.

ನಮ್ಮ ಕೆರೆಯ ಮೇಲೆ ಪ್ರತಿ ಚಳಿಗಾಲ ಒಂದು ಮನೆಯವರು ದಾರಿ ಗುರುತು ಮಾಡಬೇಕು. ಐವತ್ತು ಹೆಜ್ಜೆಗೊಂದು ಕಡಿದು ತಂದ ಸ್ಪ್ರೂಸ್ ಮರದ ಸಸಿ ಹಿಮದಲ್ಲಿ ನೆಟ್ಟರೆ ಅದೇ ದಾರಿ. ಈ ವರ್ಷ ಎನ್ಸಿಯೋನ ಸರದಿ. ಅವನು ನೆಟ್ಟ ದಾರಿ ನೇರ ನಡುಗಡ್ಡೆಗೆ ಹೋಗದೆ ಅವನ ಮನೆಯ ಮುಂದೆ ಬಳಸಿಕೊಂಡು ಹೋಗುತ್ತಿತ್ತು. ಸೈಮಿ ಹೆಜ್ಜೆ ಹಾಕಿ ಅಳೆದಳು. ಆರುನೂರು ಹೆಜ್ಜೆ ಜಾಸ್ತಿ.

"ಕಿಟಕೀಲಿ ಕೂತು ನನ್ನ ದಿಮ್ಮಿ ಎಣಿಸೋಕೆ ದಾರಿ ಮಾಡ್ಕೊಂಡಿದಾನೆ," ಅಂತ ಕಾಫಿ ಬಟ್ಟಲು ಕುಕ್ಕಿ ನನಗೆ ಹೇಳಿದಳು. "ನಾನು ನೆಟ್ಟಗೆ ಹೋಗ್ತೀನಿ ನೋಡು."

ಮಾರ್ಚಿನ ಒಂದು ಬೆಳಗ್ಗೆ ನೆಟ್ಟಗೇ ಹೋದಳು. ಖಾಲಿ ಟ್ರೇಲರು ಹಿಮದ ಮೇಲೆ ಬಾತುಕೋಳಿಯ ಹಾಗೆ ತೇಲಿತು. ಹನ್ನೆರಡು ದಿಮ್ಮಿ ಹೇರಿ, ಬಂದ ಜಾಡಿನಲ್ಲೇ ತಿರುಗಿದಳು. ಕೆರೆಯ ನಡುವೆ ಹಿಂದೆ ನೋಡಿದರೆ ಬಿಳಿ ಜಾಡು ಬೂದುಬಣ್ಣಕ್ಕೆ ತಿರುಗಿದೆ. ಮೇಲಿನ ಹಿಮದ ಭಾರಕ್ಕೆ ಮಂಜುಗಡ್ಡೆ ಬಿರುಕು ಬಿಟ್ಟು ನೀರು ಉಕ್ಕಿ, ಹಿಮದಡಿಯಲ್ಲಿ ಕಾಣದಂತೆ ನಿಂತಿತ್ತು. ಟ್ರೇಲರು ಕುಸಿಯಿತು. ಎರಡೂ ಸ್ಕೀ ನೀರಲ್ಲಿ. ಹಾಗೇ ಬಿಟ್ಟರೆ ಸಂಜೆಯ ಚಳಿಗೆ ಹೆಪ್ಪುಗಟ್ಟಿ ಟ್ರೇಲರು ಮೇ ತಿಂಗಳವರೆಗೆ ಅಲ್ಲೇ, ಆಮೇಲೆ ಕೆರೆಯ ತಳಕ್ಕೆ.

ಟ್ರೇಲರಿನಿಂದ ಸ್ಕೂಟರು ಬಿಡಿಸಿ ಗಟ್ಟಿ ಜಾಗಕ್ಕೆ ಓಡಿಸಿ, ಮೊಣಕಾಲವರೆಗೆ ಒದ್ದೆಯಾಗಿ ಸೈಮಿ ಎನ್ಸಿಯೋನ ಬಾಗಿಲಲ್ಲಿ ನಿಂತಳು. ಆಗ ಮಧ್ಯಾಹ್ನ ಎರಡು ಗಂಟೆ.

"ಕಂಡೆ," ಅಂದ ಅವನು. "ನಾನು ನೆಟ್ಟ ಸಸಿ ಕಣ್ಣಿಗೆ ಬೀಳ್ಲಿಲ್ವಾ ನಿಂಗೆ?"

"ನಿನ್ನ ಸಸಿ ನಿನ್ನ ಕಿಟಕಿ ಮುಂದೆ ಯಾಕೆ ಹೋಗತ್ತೆ? ಅದು ಹೇಳು ಮೊದ್ಲು."

"ಎರಡು ಕಾರಣಕ್ಕೆ. ಕೆರೆ ನಡುವೆ ನೀರಿತ್ತು, ತೂತು ಕೊರೆದು ನೋಡಿದ್ದೆ. ಆಮೇಲೆ, ಹೋದ ವರ್ಷ ಯಾರೋ ಮಂಜುಗಡ್ಡೆ ಅಡಿಯಿಂದ ನನ್ನ ಬಲೆ ಕದ್ದಿದ್ರಲ್ಲ, ಹೋಗಿಬರೋರನ್ನ ನೋಡ್ಬೇಕಿತ್ತು."

"ನನ್ನ ಮೇಲೂ ಅನುಮಾನವಾ?"

"ನಿನ್ನ ಮೇಲೇ ಜಾಸ್ತಿ."

"ನೀರಿದೆ ಅಂತ ಬಾಯಿಬಿಟ್ಟು ಹೇಳೋಕೇನಾಗಿತ್ತು?"

"ಹೇಳಿದ್ರೆ ನಂಬ್ತಿದ್ಯಾ?"

"ಹಗ್ಗ ತಾ," ಅಂದಳು.

ದಿಮ್ಮಿಗಳನ್ನೆಲ್ಲ ಇಳಿಸಿದರು. ನೀರಿನ ಮೇಲೆ ಸ್ಪ್ರೂಸ್ ಕೊಂಬೆ ಹಾಸಿದರು. ಎನ್ಸಿಯೋನ ಉದ್ದನೆಯ ಹಗ್ಗ ಕಟ್ಟಿ, ಗಟ್ಟಿ ಜಾಗದಲ್ಲಿ ನಿಂತ ಅವಳದೂ ಅವನದೂ ಎರಡೂ ಸ್ಕೂಟರುಗಳಿಂದ ಎಳೆದರು. ಪ್ಲಾಸ್ಟಿಕ್ ಪಟ್ಟಿಗೆ ಮಂಜು ಇನ್ನೂ ಕಚ್ಚಿರಲಿಲ್ಲ. ಸ್ಕೀಗಳು ಮೂತಿಯೆತ್ತಿ ಪಚಕ್ಕನೆ ಮೇಲೆ ಬಂದವು.

"ಗಟ್ಟಿಯಾಗೇ ಮಾಡಿದೀಯ," ಅಂದ ಎನ್ಸಿಯೋ.

"ಹೊಗಳಿ ಏನು ಕಿತ್ಕೋಬೇಕು ಅಂತಿದೀಯ?" ಅಂದಳು ಸೈಮಿ.

ಆಮೇಲೆ ಅವಳು ಸಸಿಗಳ ಸಾಲಿನಲ್ಲೇ ಓಡಾಡಿದಳು. ಪ್ರತಿ ಸಲ ಅವನ ಕಿಟಕಿಯ ಮುಂದೆ ನಿಲ್ಲಿಸಿ, ಟ್ರೇಲರಿನ ಟಾರ್ಪಾಲು ಎತ್ತಿ ತೋರಿಸಿ, ಬಲೆ ಇಲ್ಲ ಅಂತ ಕೈಯಾಡಿಸಿ ಮುಂದೆ ಹೋಗುತ್ತಿದ್ದಳು. ಅವನೂ ನಾಚಿಕೆಯಿಲ್ಲದೆ ಇಣುಕಿ ನೋಡುತ್ತಿದ್ದ.

ಏಪ್ರಿಲ್ ಕೊನೆಯಲ್ಲಿ ಒಂದೇ ಒಂದು ಹೇರು ಉಳಿಯಿತು. ಮಂಜುಗಡ್ಡೆ ಕಪ್ಪಾಗತೊಡಗಿತ್ತು. ಎನ್ಸಿಯೋ ಬೈರಿಗೆ ತಂದು, ದಾರಿಯ ನಡುವೆ ತೂತು ಕೊರೆದು, ಕೋಲು ಇಳಿಬಿಟ್ಟು ಮಂಜುಗಡ್ಡೆಯ ದಪ್ಪ ಅಳೆದ.

"ಎರಡು ಗೇಣಿದೆ. ಹೋಗಬಹುದು."

ಸೈಮಿ ಅವನ ಕೈಯಿಂದ ಬೈರಿಗೆ ಕಿತ್ತುಕೊಂಡಳು. ಅವನ ತೂತಿನ ಮಗ್ಗುಲಲ್ಲೇ ಇನ್ನೊಂದು ಕೊರೆದಳು.

"ಅಯ್ಯೋ ಮಾರಾಯ್ತಿ, ಒಂದು ಮಾರು ದೂರನೂ ಇಲ್ವಲ್ಲೇ!"

"ನಿನ್ನ ತೂತು ನೀನು ಅಳೆದಿದ್ದು," ಅಂದಳು ಅವಳು, ಕೋಲು ಇಳಿಸಿ ಬಗ್ಗಿ ನೋಡುತ್ತಾ. ಎರಡು ಗೇಣೇ ಇತ್ತು. ಸ್ಕೂಟರು ಏರಿ ಹೋದಳು, ಮಧ್ಯಾಹ್ನದೊಳಗೆ ಕೊನೆಯ ಒಂಬತ್ತು ದಿಮ್ಮಿ ತಂದು ಅಂಗಳದಲ್ಲಿ ಉರುಳಿಸಿದಳು. ಮೊದಲನೆಯದನ್ನು ಅಲ್ಲೇ ಸೀಳಿದಳು. ಒಳಗೆ ಹಾಲಿನಂಥ ಬಿಳುಪು, ಕೊಳೆತ ಚುಕ್ಕೆಯೊಂದೂ ಇರಲಿಲ್ಲ.