ಪಾಲಿಶ್‌ನವನ ಅಕ್ಕ

ಕಾಜಾ ಹೊಲಿಯುವವಳ ಕಣ್ಣಿಗೆ ಯಾವುದೂ ತಪ್ಪಿಸಿಕೊಳ್ಳುವುದಿಲ್ಲ ಎಂಬ ಜಂಬ ಅವಳಿಗಿತ್ತು. ಜಂಬಪಡಲು ಅವಳ ಬಳಿ ಬೇರೇನೂ ಇರಲಿಲ್ಲ, ಆದ್ದರಿಂದ ಯಾರೂ ಅದಕ್ಕೆ ಅಡ್ಡಿ ಹೇಳುತ್ತಿರಲಿಲ್ಲ. ಕಿಟಕಿಯ ಪಕ್ಕದ ಚಾಪೆಯ ಮೇಲೆ ಕುಳಿತು, ಟೈಲರ್ ಅಂಗಡಿಯವನು ಗಂಟು ಕಟ್ಟಿ ಕಳಿಸಿದ ಅಂಗಿಗಳಿಗೆ ಕಾಜಾ ಹಾಕುತ್ತ, ಗುಂಡಿ ಕೂರಿಸುತ್ತ ಅವಳ ಅರ್ಧ ಆಯುಸ್ಸು ಕಳೆದಿತ್ತು. ಹಲ್ಲಿನಿಂದ ದಾರ ಕಡಿಯುತ್ತಲೇ ಬೀದಿಯಲ್ಲಿ ಯಾರು ಹೋದರು, ಯಾರ ಮುಖ ಬಾಡಿದೆ ಎಂದು ಹೇಳಬಲ್ಲವಳು. ಗಂಡ ಬಹಳ ಹಿಂದೆಯೇ ತೀರಿಕೊಂಡಿದ್ದ. ಮಕ್ಕಳಿರಲಿಲ್ಲ. ಇದ್ದವನು ಒಬ್ಬ ತಮ್ಮ. ಅವನನ್ನು ಕಾಯುವುದೇ ಅವಳ ನಿಜವಾದ ಉದ್ಯೋಗ, ಕಾಜಾ ಹೊಲಿಯುವುದು ಉಪಕಸುಬು.

ತಮ್ಮನನ್ನು ಮನೆಯಲ್ಲಿ ಗುಂಡ ಎನ್ನುತ್ತಿದ್ದರು. ಕೂಸಾಗಿದ್ದಾಗ ಗುಂಡಗೆ ಇದ್ದನಂತೆ. ಈಗ ಅಂಗಿ ಬಿಚ್ಚಿದರೆ ಎಲುಬು ಎಣಿಸುವಷ್ಟು ಸೊರಗಿದ್ದರೂ ಹೆಸರು ಮಾತ್ರ ತೂಕ ಇಳಿಸಿಕೊಂಡಿರಲಿಲ್ಲ. ಮರದ ಸಾಮಾನಿಗೆ ಪಾಲಿಶ್ ಹಾಕುವುದು ಅವನ ಕೆಲಸ. ಅರಗನ್ನು ಸ್ಪಿರಿಟ್‌ನಲ್ಲಿ ಕರಗಿಸಿ, ಹತ್ತಿಯನ್ನು ಬಟ್ಟೆಯಲ್ಲಿ ಸುತ್ತಿ ಉಂಡೆ ಮಾಡಿ, ಅದನ್ನು ಅದ್ದಿ ಅದ್ದಿ ಮೇಜಿನ ಮೇಲೆ ಉಜ್ಜುತ್ತ ಹೋದರೆ ಮಂಕು ಹಿಡಿದ ಮರ ಮುಖ ಕಾಣುವಷ್ಟು ಹೊಳೆಯುತ್ತಿತ್ತು. ಇವನ ಕೈ ಚಿನ್ನ, ಬಾಯಿ ಮಾತ್ರ ಚರಂಡಿ ಎಂದು ಬಡಗಿ ಮೇಸ್ತ್ರಿ ಹೇಳುತ್ತಿದ್ದ. ಹೆಣ್ಣು ನೋಡುವ ವಯಸ್ಸಿನಲ್ಲಿ ಬಾಟಲಿಯನ್ನು ಕಟ್ಟಿಕೊಂಡವನಿಗೆ ಆಮೇಲೆ ಬೇರೆ ಸಂಬಂಧ ಕೂಡಿಬರಲಿಲ್ಲ. ಕುಡಿದರೆ ತೂರಾಡುವವನಲ್ಲ, ಬಯ್ಯುವವನಲ್ಲ. ಸದ್ದಿಲ್ಲದೆ ಬಂದು ಗೋಡೆಯ ಕಡೆ ತಿರುಗಿ ಮಲಗಿಬಿಡುತ್ತಿದ್ದ. ಮೂಸಿ ನೋಡೋಣವೆಂದರೆ ಕೆಲಸದಿಂದ ಬಂದವನ ಅಂಗಿ, ಕೂದಲು, ಉಗುರು ಎಲ್ಲವೂ ಸ್ಪಿರಿಟ್ ನಾರುತ್ತಿದ್ದವು. ಹೀಗೆ ಕಣ್ಣಿಗೂ ಸಿಗದೆ ಮೂಗಿಗೂ ಸಿಗದೆ ಅವನು ವರ್ಷಗಟ್ಟಲೆ ಅಕ್ಕನಿಗೆ ಟೋಪಿ ಹಾಕಿದ್ದ.

ದೊಡ್ಡ ಆಸ್ಪತ್ರೆಗೆ ಸೇರಿಸಿದ್ದೂ ಆಗಿತ್ತು. ಒಳಗಿರುವಷ್ಟು ದಿನ ಅವನು ಸಾಧು. ಗೇಟಿಗೆ ಬೀಗ ಹಾಕಿದ್ದರೆ ಯಾರು ತಾನೇ ಸಾಧುವಲ್ಲ? ಹೊರಗೆ ಬಂದ ವಾರದೊಳಗೆ ಅದೇ ರಾಗ, ಅದೇ ಹಾಡು. ಕೊನೆಕೊನೆಗೆ ಕುಡಿಯದ ದಿನವೂ ಗೋಡೆಗೆ ಮುಖ ಮಾಡಿ ಮಲಗತೊಡಗಿದ. ಬೆಳಗ್ಗೆ ಯಾಕಾದರೂ ಆಗುತ್ತದೋ ಎಂದು ಒಮ್ಮೆ ಅಂದ. ಆ ಮಾತು ಕೇಳಿದ್ದೇ ಅವಳು ಮತ್ತೆ ಆಸ್ಪತ್ರೆಗೆ ಓಡಿದಳು. ಆಗ ಆಸ್ಪತ್ರೆಯವರೇ ಕುಡಿತ ಬಿಡಿಸುವ ಕೇಂದ್ರವೊಂದರ ದಾರಿ ತೋರಿಸಿದ್ದು. ಕುಡಿತ, ಖಿನ್ನತೆ ಎರಡೂ ಒಂದಕ್ಕೊಂದು ಗಂಟು ಬಿದ್ದಿವೆ, ಒಂದನ್ನು ಬಿಟ್ಟು ಇನ್ನೊಂದನ್ನು ಬಿಡಿಸಲಾಗದು ಎಂದರು.

ಕೇಂದ್ರವಿದ್ದದ್ದು ಕನ್ನಡಕದ ಅಂಗಡಿಯ ಮೇಲಿನ ಮಹಡಿಯಲ್ಲಿ. ಮಂಚವಿಲ್ಲ, ವಾರ್ಡಿಲ್ಲ, ಗೇಟಿಲ್ಲ. ದುಂಡಗೆ ಹಾಕಿದ ಪ್ಲಾಸ್ಟಿಕ್ ಕುರ್ಚಿಗಳು, ಗೋಡೆಯಲ್ಲಿ ತಡವಾಗಿ ಓಡುವ ಗಡಿಯಾರ. ಹಗಲು ಕೆಲಸ ಮಾಡಿಕೊಂಡು, ವಾರದಲ್ಲಿ ನಾಲ್ಕು ಸಂಜೆ ಬಂದು ಮೂರು ಗಂಟೆ ಕೂರಬೇಕು, ಆಮೇಲೆ ಮನೆಗೆ ಹೋಗಬೇಕು. ಹೀಗೆ ಕೆಲವು ತಿಂಗಳು. ಮನೆಗೇ ಕಳಿಸುವುದಾದರೆ ಇದೆಂಥ ಚಿಕಿತ್ಸೆ ಎಂದು ಅವಳು ಮೊದಲ ದಿನವೇ ಜಗಳಕ್ಕೆ ನಿಂತಳು. ಅಲ್ಲಿನ ಆಪ್ತಸಲಹೆಗಾರ್ತಿ, ಎಲ್ಲರೂ ಮೇಡಂ ಎನ್ನುತ್ತಿದ್ದವರು, ಸಮಾಧಾನವಾಗಿಯೇ ಉತ್ತರಿಸಿದರು.

"ಅವರು ಕುಡಿಯೋದು ಆಸ್ಪತ್ರೇಲಲ್ಲಮ್ಮ, ಹೊರಗೆ. ಕುಡೀದೇ ಇರೋದನ್ನೂ ಹೊರಗೇ ಕಲೀಬೇಕಲ್ವಾ?"

ಅಲ್ಲಿ ಗುಂಪಿನಲ್ಲಿ ಮಾತಾಡಿಸುತ್ತಿದ್ದರು, ಒಬ್ಬೊಬ್ಬರನ್ನೇ ಕೂರಿಸಿಕೊಂಡೂ ಮಾತಾಡಿಸುತ್ತಿದ್ದರು. ಡಾಕ್ಟರು ಬಂದು ಮನಸ್ಸಿನ ಭಾರಕ್ಕೆ ಮಾತ್ರೆ ಬರೆಯುತ್ತಿದ್ದರು. ಆಸೆ ಉಕ್ಕಿ ಬಂದಾಗ ಒಂದಷ್ಟು ಹೊತ್ತು ತಡೆದರೆ ಅದು ತಾನಾಗಿ ಇಳಿಯುತ್ತದೆ, ಅಲ್ಲಿಯವರೆಗೆ ಯಾರಿಗಾದರೂ ಫೋನ್ ಮಾಡಿ ಎಂದು ಕಲಿಸುತ್ತಿದ್ದರು. ಜಾರಿ ಬಿದ್ದರೆ ಹೊರಗೆ ಹಾಕುತ್ತಿರಲಿಲ್ಲ. ಬಂದು ಹೇಳಬೇಕು, ಅಷ್ಟೇ. ಯಾರಾದರೂ ಕಷ್ಟದ ನಿಜವೊಂದನ್ನು ಬಾಯಿಬಿಟ್ಟು ಹೇಳಿದರೆ ಉಳಿದವರೆಲ್ಲ ಚಪ್ಪಾಳೆ ತಟ್ಟುವುದು ಅಲ್ಲಿನ ಪದ್ಧತಿ. ಗುಂಡ ಮೊದಮೊದಲು ಇದಕ್ಕೆ ಮುಖ ಸಿಂಡರಿಸಿದ. ಆಮೇಲೆ ಅವನೂ ತಟ್ಟಿದ. ಬಾರ್‌ಗಳಿದ್ದ ಬೀದಿಯನ್ನು ಬಿಟ್ಟು ಊರು ಸುತ್ತಿ ಮನೆಗೆ ಬರತೊಡಗಿದ. ಸ್ಪಿರಿಟ್ ಡಬ್ಬಿಯನ್ನು ಮೇಸ್ತ್ರಿಯ ಕೈಗೇ ಕೊಟ್ಟು, ಬೇಕಾದಷ್ಟನ್ನೇ ಬಟ್ಟಲಿಗೆ ಹಾಕಿಸಿಕೊಳ್ಳತೊಡಗಿದ. ಒಂದು ದಿನ ತಾನಾಗಿಯೇ ಕ್ಷೌರ ಮಾಡಿಸಿಕೊಂಡು ಬಂದ.

ಅಕ್ಕನಿಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ. ಇಷ್ಟು ತಡವೇಕೆ ಎಂದರೆ ಸುತ್ತಿ ಬಂದೆ ಎನ್ನುತ್ತಾನೆ. ಹತ್ತಿರದ ದಾರಿ ಇರುವಾಗ ಯಾರು ಸುತ್ತಿ ಬರುತ್ತಾರೆ? ನಗುತ್ತಾನೆ, ಯಾಕೆ ನಗುತ್ತಾನೆ? ಬಿಸಿ ಹಾಲಿನಲ್ಲಿ ಬಾಯಿ ಸುಟ್ಟುಕೊಂಡ ಬೆಕ್ಕಿನಂತಾಗಿದ್ದಳು ಅವಳು. ಇನ್ನೊಂದು ಸಲ ಕುಡಿದು ಬಂದರೆ ಈ ಹೊಸ್ತಿಲು ತುಳಿಯಬೇಡ ಎಂದು ಮೊದಲೇ ಹೇಳಿದ್ದಳು, ಹೇಳಿದ ಮೇಲೆ ತಾನೇ ಹೆದರಿದ್ದಳು. ಹೊರಗೆ ಹಾಕಿದರೆ ಅವನು ಉಳಿಯುವುದಿಲ್ಲ ಎಂಬುದು ಅವಳಿಗೆ ಗೊತ್ತಿತ್ತು.

ಶನಿವಾರ ಮನೆಯವರನ್ನೂ ಕೂರಿಸುತ್ತಿದ್ದರು. ಅಲ್ಲಿನ ಮೆಟ್ಟಿಲ ಮೇಲೆ ಬಸ್ ಕಂಡಕ್ಟರ್‌ನ ಹೆಂಡತಿ ಅವಳ ಕಿವಿ ಕಚ್ಚಿದಳು. ಒಂದು ಮಾತ್ರೆ ಇದೆ. ಅದು ಮೈಯಲ್ಲಿದ್ದಾಗ ಕುಡಿದರೆ ಮುಖ ಕೆಂಪೇರಿ, ಎದೆ ಹೊಡೆದುಕೊಂಡು, ಕರುಳು ಕಿತ್ತು ಬರುವ ಹಾಗೆ ವಾಂತಿಯಾಗುತ್ತದೆ, ಕಳ್ಳ ಸಿಕ್ಕಿಬೀಳುತ್ತಾನೆ. ಇಲ್ಲಿನ ಡಾಕ್ಟರೂ ಕೊಡುತ್ತಾರೆ, ಆದರೆ ರಕ್ತ ನೋಡಿ, ನುಂಗುವವನ ಒಪ್ಪಿಗೆ ಕೇಳಿ ಕೊಡುತ್ತಾರೆ. ಒಪ್ಪಿಗೆ ಕೇಳಿ ಕಳ್ಳನನ್ನು ಹಿಡಿಯುವುದುಂಟೇ ಎಂದು ಅಕ್ಕನಿಗೆ ಅನ್ನಿಸಿತು. ಔಷಧಿ ಅಂಗಡಿಯವನ ಅಂಗಿಗಳಿಗೆಲ್ಲ ಗುಂಡಿ ಹಾಕಿಕೊಟ್ಟವಳು ಅವಳೇ. ಮಾತ್ರೆ ಸುಲಭವಾಗಿ ಸಿಕ್ಕಿತು. ಅಂದಿನಿಂದ ದಿನಾ ಬೆಳಗ್ಗೆ ಅದನ್ನು ಪುಡಿ ಮಾಡಿ ತಮ್ಮನ ಹಾಲಿನ ಲೋಟಕ್ಕೆ ಬೆರೆಸಿದಳು. ಅವನು ಲೋಟ ಬರಿದು ಮಾಡಿ, ನೀನು ಕೊಟ್ಟರೆ ಹಾಲಿಗೂ ಒಂದು ರುಚಿ ಎಂದು ಹೊಗಳಿ ಕೆಲಸಕ್ಕೆ ಹೋಗುತ್ತಿದ್ದ.

ಆ ವಾರ ಅವನಿಗೆ ಒಂದು ದೊಡ್ಡ ಕಚೇರಿಯ ಸಭೆ ಮೇಜಿನ ಕೆಲಸ ಸಿಕ್ಕಿತ್ತು. ಹಸಿ ಪಾಲಿಶ್‌ಗೆ ಬೀದಿಯ ಧೂಳು ಅಂಟೀತೆಂದು ಮೇಸ್ತ್ರಿ ಕಿಟಕಿಗಳನ್ನೆಲ್ಲ ಮುಚ್ಚಿಸಿದ್ದ. ಮಧ್ಯಾಹ್ನದ ಹೊತ್ತಿಗೆ ಮೇಸ್ತ್ರಿಯೇ ಅವನನ್ನು ತೋಳು ಹಿಡಿದು ಮನೆಗೆ ಕರೆತಂದ. ಮುಖ ಕಾದ ಹೆಂಚಿನ ಹಾಗೆ ಕೆಂಪಾಗಿತ್ತು, ಅಂಗಿಯ ಮೇಲೆಲ್ಲ ವಾಂತಿ, ಎದೆ ಹೊಡೆದುಕೊಳ್ಳುವುದು ಹೊರಗಿನಿಂದಲೇ ಕಾಣುತ್ತಿತ್ತು. ಮೇಸ್ತ್ರಿ ಚಪ್ಪಲಿ ಮೆಟ್ಟಿ ಹೊರಟುಹೋದ.

"ಅಕ್ಕಾ, ನಾನು ಕುಡಿದಿಲ್ಲ."

ಅವಳು ನಕ್ಕಳು. ಆ ನಗು ಅವಳಿಗೆ ಇಂದಿಗೂ ಮರೆತಿಲ್ಲ. ಮಾತ್ರೆ ಹಿಡಿದುಕೊಟ್ಟಿತಲ್ಲ, ಇನ್ನೇನು ಬೇಕು ಎಂದುಕೊಂಡು ಅವನ ಮೈ ಒರೆಸಿದಳು, ಬಟ್ಟೆ ಬದಲಿಸಿದಳು, ಆಮೇಲೆ ಎದುರಿಗೆ ಕುಳಿತು ತನ್ನ ತೀರ್ಪು ಹೇಳಿದಳು. ಕುಡಿದದ್ದನ್ನು ಕೇಂದ್ರದಲ್ಲಿ ಎಲ್ಲರೆದುರು ಒಪ್ಪಿಕೊಂಡರೆ ಈ ಮನೆಯಲ್ಲಿರಬಹುದು. ಸುಳ್ಳು ಸಾಧಿಸುವುದಾದರೆ ಗಂಟುಮೂಟೆ ಕಟ್ಟಬಹುದು.

ಮರುದಿನ ಕೇಂದ್ರದಲ್ಲಿ ಯಂತ್ರಕ್ಕೆ ಊದಿಸಿ ನೋಡಿದರು, ಏನೂ ಸಿಗಲಿಲ್ಲ. ನಿನ್ನೆಯದು ಇವತ್ತು ಸಿಗುವುದೂ ಇಲ್ಲ. ಕುಡಿದಿಲ್ಲ ಎಂದು ಅವನು ಗುಂಪಿನಲ್ಲಿ ಹೇಳಿದಾಗ ಯಾರೂ ಹೀಯಾಳಿಸಲಿಲ್ಲ. ಎಲ್ಲರೂ ನೆಲ ನೋಡಿದರು, ಏಕೆಂದರೆ ಆ ಮಾತನ್ನು ಅವರೆಲ್ಲ ಒಂದಲ್ಲ ಒಂದು ದಿನ ಹೇಳಿದ್ದವರೇ.

ಶನಿವಾರ ಡಾಕ್ಟರು ಅಕ್ಕನನ್ನು ಪಕ್ಕದ ಕೋಣೆಗೆ ಕರೆದರು. ಗುಂಡ ಹೇಳಿದ ಲಕ್ಷಣಗಳು ಒಂದು ಮಾತ್ರೆಯ ನೆನಪು ತರುತ್ತವೆ ಎಂದರು. ಆದರೆ ಆ ಮಾತ್ರೆಯನ್ನು ಅವನಿಗೆ ತಾವು ಬೇಕೆಂದೇ ಕೊಟ್ಟಿಲ್ಲ, ಅವನು ದಿನವಿಡೀ ಸ್ಪಿರಿಟ್‌ನಲ್ಲಿ ಕೈ ಅದ್ದುವವನು, ಅದನ್ನು ನುಂಗಿದವನಿಗೆ ಮುಚ್ಚಿದ ಕೋಣೆಯಲ್ಲಿ ಸ್ಪಿರಿಟ್‌ನ ಆವಿಯೇ ಸಾಕು, ಕುಡಿಯಬೇಕೆಂದಿಲ್ಲ ಎಂದು ವಿವರಿಸಿದರು.

"ಮನೇಲಿ ಬೇರೆ ಯಾವುದಾದ್ರೂ ಮಾತ್ರೆ ತಗೋತಿದ್ದಾರಾ?"

"ಇಲ್ಲ," ಎಂದಳು ಅಕ್ಕ.

ನಾಲಿಗೆ ಅಷ್ಟು ಸಲೀಸಾಗಿ ಹೊರಳಿತು. ಮನೆಗೆ ಬಂದು ಉಳಿದ ಮಾತ್ರೆಗಳನ್ನೆಲ್ಲ ಚರಂಡಿಗೆ ಸುರಿದಳು. ತಮ್ಮ ಕುಡಿದಿರಲಿಲ್ಲ. ಹುಟ್ಟಿದ ಮೇಲೆ ಮೊದಲ ಸಲ ಎನ್ನುವಂತೆ ಅವನು ನಿಜ ಹೇಳಿದ್ದ, ಅದನ್ನು ಸುಳ್ಳು ಮಾಡಿದ್ದು ತಾನು. ಹೇಳಿಬಿಡಬೇಕೆಂದು ಬಾಯಿಯವರೆಗೆ ಬರುತ್ತಿತ್ತು, ಅವನ ಮುಖ ಕಂಡೊಡನೆ ಸೂಜಿ ಕೈಗೆತ್ತಿಕೊಳ್ಳುತ್ತಿದ್ದಳು. ಹಾಕಿದ ಷರತ್ತನ್ನಾದರೂ ಹಿಂದಕ್ಕೆ ಪಡೆಯಬಹುದಿತ್ತು. ಅದನ್ನೂ ಮಾಡಲಿಲ್ಲ, ಯಾಕೆ ಎಂದು ಅವನು ಕೇಳಿಯಾನೆಂಬ ಭಯ. ಅವನೋ ಮತ್ತೆ ಗೋಡೆಗೆ ಮುಖ ಮಾಡಿದ್ದ. ಕೆಲಸಕ್ಕೆ ಹೋಗಲಿಲ್ಲ. ಮೇಸ್ತ್ರಿ ಬೇರೆಯವನನ್ನು ಕರೆಸಿಕೊಂಡಿದ್ದ. ಅವಳು ತಪ್ಪು ತಪ್ಪಾಗಿ ಕಾಜಾ ಹಾಕಿ, ಬಿಚ್ಚಿ, ಮತ್ತೆ ಹಾಕಿ ಟೈಲರ್‌ನಿಂದ ಬೈಸಿಕೊಂಡಳು.

ಮುಂದಿನ ಶನಿವಾರ ಗುಂಡ ತಾನಾಗಿಯೇ ಎದ್ದು ನಿಂತ. ಕುರ್ಚಿಯ ಬೆನ್ನು ಹಿಡಿದುಕೊಂಡಿದ್ದ.

"ನಾನು ಕುಡಿದಿರಬೇಕು," ಎಂದ. "ನೆನಪಿಲ್ಲ. ಹಿಂದೆ ಎಷ್ಟೋ ಸಲ ಹೀಗಾಗಿತ್ತು, ಕುಡಿದದ್ದೇ ನೆನಪಿರ್ತಿರಲಿಲ್ಲ. ನಾನೇ ಸ್ಪಿರಿಟ್ ಬಟ್ಟಲಿಂದ ಕುಡಿದಿರಬೇಕು. ನನ್ನ ತಲೇನ ನಂಬೋ ಹಾಗಿಲ್ಲ. ಅಕ್ಕ ಸುಳ್ಳು ಹೇಳೋಳಲ್ಲ."

ಕಂಡಕ್ಟರ್ ಮೊದಲು ಚಪ್ಪಾಳೆ ತಟ್ಟಿದ. ಆಮೇಲೆ ಎಲ್ಲರೂ ತಟ್ಟಿದರು. ಮೇಡಂ ಒಬ್ಬರೇ ತಟ್ಟದೆ ಅವನನ್ನು ನೋಡುತ್ತಿದ್ದರು. ತನ್ನ ಕೈಗಳೂ ತಟ್ಟುತ್ತಿವೆ ಎಂದು ಅಕ್ಕನಿಗೆ ಗೊತ್ತಾದದ್ದು ತುಸು ತಡವಾಗಿ. ಅವಳಿಗೆ ತನ್ನ ಮೇಲೆ ಹೇಸಿಗೆಯಾಯಿತು.

"ನಿಲ್ಸಿ," ಎಂದಳು. "ಅವನು ಕುಡಿದಿಲ್ಲ. ನಾನೇ ದಿನಾ ಹಾಲಲ್ಲಿ ಮಾತ್ರೆ ಹಾಕಿ ಕೊಟ್ಟೆ. ಡಾಕ್ಟರು ಕೇಳಿದಾಗ ಇಲ್ಲ ಅಂದೆ."

ಈ ನಿಜಕ್ಕೆ ಯಾರೂ ಚಪ್ಪಾಳೆ ತಟ್ಟಲಿಲ್ಲ. ಕಂಡಕ್ಟರ್‌ನ ಹೆಂಡತಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಡಾಕ್ಟರು ಅವಳನ್ನು ಬಯ್ಯಲಿಲ್ಲ, ಆ ದಿನ ಅವನ ಹೃದಯ ನಿಂತೇ ಹೋಗಬಹುದಿತ್ತು ಎಂದಷ್ಟೇ ಹೇಳಿದರು. ಬೈದಿದ್ದರೆ ಎಷ್ಟೋ ವಾಸಿ ಅನ್ನಿಸಿತು ಅವಳಿಗೆ. ಗುಂಡ ಮಾತ್ರ ಅದೇನನ್ನೂ ಕೇಳಿಸಿಕೊಂಡವನಂತೆ ಕಾಣಲಿಲ್ಲ.

"ಅಂದ್ರೆ ನಾನು ಕುಡಿದಿರಲಿಲ್ಲ," ಎಂದ.

"ಇಲ್ಲ ಕಣೋ."

"ಇನ್ನೊಂದ್ಸಲ ಹೇಳಕ್ಕ."

ಅವಳು ಇನ್ನೊಂದು ಸಲ ಹೇಳಿದಳು. ಅವನು ಕುರ್ಚಿಯಲ್ಲಿ ಕುಸಿದು, ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಬಹಳ ಹೊತ್ತು ಅತ್ತ.

ಅವನು ಅಕ್ಕನನ್ನು ದೂರಲಿಲ್ಲ. ಚಿಕಿತ್ಸೆ ಮುಗಿಸಿದ. ಮೇಡಂ ಹೋಗಿ ಮಾತಾಡಿದ ಮೇಲೆ ಮೇಸ್ತ್ರಿ ಅವನನ್ನು ಮತ್ತೆ ಕರೆದುಕೊಂಡ, ಕಿಟಕಿ ತೆರೆದಿಡಲು ಒಪ್ಪಿಕೊಂಡ. ಕುಡಿತ ನಿಂತಿದೆ. ಗೋಡೆಗೆ ಮುಖ ಮಾಡುವ ದಿನಗಳು ಈಗಲೂ ಬರುತ್ತವೆ, ಬಂದಾಗ ಕೇಂದ್ರಕ್ಕೆ ಫೋನ್ ಮಾಡುತ್ತಾನೆ. ಬಡಗಿ ಕೆಲಸದ ಶೆಡ್ಡಿನ ಹಿಂದೆ ಒಂದು ಕೋಣೆ ಹಿಡಿದು, ತಾನೇ ಬೇಯಿಸಿಕೊಂಡು ಇದ್ದಾನೆ. ಮನೆ ಬಿಡುವಾಗ ಕೆಲಸಕ್ಕೆ ಹತ್ತಿರವಾಗುತ್ತದೆ ಎಂದ, ಅವಳು ಹೌದು ಎಂದಳು.

ಭಾನುವಾರ ತಪ್ಪದೆ ಅಕ್ಕನನ್ನು ನೋಡಲು ಬರುತ್ತಾನೆ. ಸೂಜಿಗೆ ದಾರ ಪೋಣಿಸಿಕೊಡುತ್ತಾನೆ, ಬೀದಿಯ ಸುದ್ದಿ ಹೇಳಿ ನಗಿಸುತ್ತಾನೆ. ಬಡಿಸಲೇ ಎಂದರೆ ಊಟ ಆಯ್ತಕ್ಕ ಎನ್ನುತ್ತಾನೆ. ನೀರು ಬೇಕಾದರೆ ತಾನೇ ಎದ್ದು ನಲ್ಲಿಗೆ ಹೋಗುತ್ತಾನೆ.

ಒಂದು ಭಾನುವಾರ ಅವನ ಹೊಟ್ಟೆ ಗುರುಗುಟ್ಟುವುದು ಅವಳಿಗೆ ಕೇಳಿಸಿತು. ಅವಳು ಒಳಗೆ ಹೋಗಿ ತಟ್ಟೆಗೆ ಅನ್ನ ಹಾಕಿಕೊಂಡು ಬಂದು ಅವನ ಎದುರಿಗೆ ಕುಳಿತಳು. ಅವನು ನೋಡುತ್ತಿದ್ದ ಹಾಗೆಯೇ ಆ ತಟ್ಟೆಯಿಂದ ಒಂದು ತುತ್ತು ತಾನು ತಿಂದು, ಅಗಿದು ನುಂಗಿ, ತಟ್ಟೆಯನ್ನು ಅವನ ಕಡೆಗೆ ಸರಿಸಿದಳು.

"ಹಾಗೆಲ್ಲ ಮಾಡ್ಬೇಡ ಅಕ್ಕ," ಎಂದ ಅವನು. ಅವನ ಕಣ್ಣು ತುಂಬಿತ್ತು. ಆದರೆ ತಟ್ಟೆಗೆ ಕೈ ಹಾಕಲಿಲ್ಲ.