ಅಣ್ಣನ ಪರವಾಗಿ ಎದ್ದು ನಿಂತ ಭಾನುವಾರ

ನಮ್ಮ ಮನೆ ಮಾಲೀಕರು ಎದ್ದು ನಿಂತು, “ನನ್ನ ಹೆಸರು ನಂಜಪ್ಪ, ನಾನೊಬ್ಬ ಕುಡುಕ” ಎಂದರು. ಕೋಣೆಯಲ್ಲಿದ್ದವರೆಲ್ಲ ಒಂದೇ ದನಿಯಲ್ಲಿ “ನಮಸ್ಕಾರ ನಂಜಪ್ಪ” ಎಂದರು. ಯಾರೂ ನಗಲಿಲ್ಲ. ಬಾಗಲಕೋಟೆ ಕಡೆಯಿಂದ ಬೆಂಗಳೂರಿನ ಪೀಣ್ಯಕ್ಕೆ ಬಂದು ಆಗಲೇ ಒಂದು ಮಳೆಗಾಲ ಕಳೆದಿತ್ತು. ಆದರೆ ಪರದೇಶಕ್ಕೇ ಬಂದುಬಿಟ್ಟಿದ್ದೇನೆ ಎಂದು ನನಗೆ ಖಾತ್ರಿಯಾದದ್ದು ಆ ಭಾನುವಾರ ಬೆಳಿಗ್ಗೆ, ಶಾಲಾಮಕ್ಕಳ ಗಿಡ್ಡ ಬೆಂಚಿನ ಮೇಲೆ. ನಮ್ಮೂರಲ್ಲಿ ‘ಕುಡುಕ’ ಎನ್ನುವುದು ಬೇರೆಯವರು ಬೆನ್ನ ಹಿಂದೆ ಆಡುವ ಮಾತು. ಅದನ್ನು ತನ್ನ ಬಾಯಿಂದ ತಾನೇ ಹೇಳಿಕೊಂಡವರನ್ನು ನಾನು ಕಂಡಿರಲಿಲ್ಲ.

ಪಕ್ಕದಲ್ಲಿ ಅಣ್ಣ ಬಸು ತಲೆ ತಗ್ಗಿಸಿ ಕೂತಿದ್ದ. (ಹೆಸರುಗಳನ್ನು ಬದಲಿಸಿದ್ದೇನೆ. ಅಲ್ಲಿ ಕೇಳಿದ್ದನ್ನು ಹೊರಗೆ ಒಯ್ಯಬಾರದು ಎಂಬ ಕರಾರಿದೆ. ಇಷ್ಟು ಬರೆಯಲು ನಂಜಪ್ಪನವರೂ ಅಣ್ಣನೂ ಒಪ್ಪಿದ್ದಾರೆ.)

ಅಣ್ಣನಿಗೆ ಇಲ್ಲಿ ಲೇತ್ ಮಷೀನಿನ ಕೆಲಸ. ಅವನ ಕುಡಿತ ಕೈಮೀರಿದಾಗ ಅವ್ವ ನನ್ನನ್ನು ಕಳಿಸಿದಳು. “ಕಾಲೇಜಿನ್ಯಾಗ ಎಲ್ಲಾರ್ನೂ ಮಾತಿನ್ಯಾಗ ಸೋಲಿಸಿ ಬರ್ತಿದ್ದಿ. ನಿಮ್ಮಣ್ಣನ್ನ ಒಬ್ಬಾವ್ನ ಸೋಲಿಸಾಕ ಆಗಂಗಿಲ್ಲೇನ?” ಚರ್ಚಾಸ್ಪರ್ಧೆಯಲ್ಲಿ ಗೆದ್ದ ಕಪ್ಪುಗಳನ್ನು ಮನೆಯ ಗೋಡೆಗೂಡಿನಲ್ಲೇ ಬಿಟ್ಟು ಬಂದು, ಒಂದು ಕಾರ್ಖಾನೆಯ ಆಫೀಸಿನಲ್ಲಿ ಕೆಲಸ ಹಿಡಿದೆ.

ಊರಲ್ಲಿ ರೊಟ್ಟಿ ಬಡಿಯುವ ಸದ್ದಿಗೆ ಎಚ್ಚರವಾಗುತ್ತಿತ್ತು, ಇಲ್ಲಿ ಗೋಡೆಯಾಚೆಯ ಕಾರ್ಖಾನೆಯ ಪ್ರೆಸ್ ಮಷೀನಿನ ಬಡಿತಕ್ಕೆ. ಅಂಗಡಿಯಲ್ಲಿ “ಜ್ವಾಳದ ಹಿಟ್ಟ ಐತೇನ್ರೀ” ಎಂದರೆ, “ಇನ್ನೊಂದ್ಸಲ ಹೇಳಿ ಮೇಡಂ, ಸಕ್ಕತ್ತಾಗಿದೆ” ಎಂದು ನಗುತ್ತಿದ್ದರು. ಹಟಕ್ಕೆ ಬಿದ್ದು ದಿನಾ ಕೇಳಿದೆ. ಕೊನೆಗೆ ಅಂಗಡಿಯವನು ಹಿಟ್ಟು ತರಿಸಿದ. ಪೀಣ್ಯದಲ್ಲಿ ನಾನು ಗೆದ್ದ ವಾದ ಅದೊಂದೇ. ಅಣ್ಣನ ಹತ್ತಿರ ವಾದವೇ ಹುಟ್ಟುತ್ತಿರಲಿಲ್ಲ. “ಹೌದು ತಂಗಿ, ನೀ ಹೇಳೂದು ಖರೇ ಐತಿ” ಎಂದು ಎಲ್ಲವನ್ನೂ ಒಪ್ಪಿ, ಸಂಜೆ ಮತ್ತೆ ಕುಡಿದು ಬರುತ್ತಿದ್ದ. ಒಪ್ಪಿಕೊಳ್ಳುವವನನ್ನು ಸೋಲಿಸುವುದು ಹೇಗೆ?

ಕುಡಿತ ಬಿಡುವವರ ಸಭೆಗಳಿವೆ ಎಂದು ತಿಳಿದು ಮೊದಲು ಅವನನ್ನು ಮಾರತ್ತಹಳ್ಳಿಗೆ ಕರೆದೊಯ್ದೆ. ಅಲ್ಲಿ ಎಲ್ಲವೂ ಇಂಗ್ಲಿಷಿನಲ್ಲಿ. ಅಣ್ಣನಿಗೆ ಅರ್ಥವಾದದ್ದು ಬಿಸ್ಕತ್ತು ಮಾತ್ರ. ವಾಪಸು ಬಂದಾಗ ಮೆಟ್ಟಿಲ ಬಳಿ ಮಾಲೀಕರ ಹೆಂಡತಿ ನನ್ನ ಕೈಯಲ್ಲಿದ್ದ ಕರಪತ್ರ ನೋಡಿ, “ಇದುಕ್ಕೆ ಅಷ್ಟ್ ದೂರ ಯಾಕವ್ವಾ? ಇಲ್ಲೇ ಇಸ್ಕೂಲಲ್ಲಿ ಕನ್ನಡದಲ್ಲೇ ನಡೀತದೆ” ಎಂದರು. ನಿಮಗೆ ಹೇಗೆ ಗೊತ್ತು ಎಂದರೆ ನಕ್ಕು, “ಓಗವ್ವ, ಗೊತ್ತಾಯ್ತದೆ.” ಅಷ್ಟು ದಿನ ಖಾಲಿ ಬಾಟಲಿಗಳನ್ನು ನಾವು ಅವರ ಕಣ್ಣು ತಪ್ಪಿಸಿ ಸಾಗಿಸುತ್ತಿದ್ದೆವು!

ಆ ಶಾಲೆಯ ಸಭೆಯಲ್ಲಿ ಮಾತಾಡುವುದನ್ನು ‘ಶೇರಿಂಗ್’ ಎನ್ನುತ್ತಾರೆ, ಅಂದರೆ ತನ್ನ ಕತೆಯನ್ನು ತಾನೇ ಹೇಳಿಕೊಳ್ಳುವುದು. ಕೇಳಿದವರು ಉತ್ತರ ಕೊಡುವಂತಿಲ್ಲ, ಬುದ್ಧಿ ಹೇಳುವಂತಿಲ್ಲ. ಖಂಡನೆಯೇ ಇಲ್ಲದ ಮಾತು ನನಗೆ ಉಪ್ಪಿಲ್ಲದ ಸಾರು. ‘ಮೇಲಿನ ಶಕ್ತಿಗೆ ಒಪ್ಪಿಸಿ’ ಎಂದವರಿಗೆ ಹಾಕಬೇಕಾದ ಪ್ರಶ್ನೆಗಳು ನಾಲಿಗೆಯ ತುದಿಯಲ್ಲಿದ್ದವು. ಊರಲ್ಲಿ ಮಠದ ಗದ್ದುಗೆ ಮುಟ್ಟಿಸಿ, ಜೀವ ಇರುವತನಕ ಕುಡಿಯುವುದಿಲ್ಲ ಎಂದು ಅಣ್ಣನಿಂದ ಆಣೆ ಮಾಡಿಸಿದ್ದೆವು. ಅಮಾವಾಸ್ಯೆಗೆ ಮೊದಲೇ ಅದು ಮುರಿದಿತ್ತು. ಇಲ್ಲಿಯವರು ಕೇಳುವುದು ಇವತ್ತೊಂದು ದಿನ ಕುಡಿಯದಿರುವುದನ್ನು ಮಾತ್ರ. ಇಷ್ಟು ಸಣ್ಣ ಆಣೆಯಿಂದ ಏನಾದೀತು ಎಂದುಕೊಂಡೆ.

ಅಣ್ಣನ ಸರದಿ ಬಂತು. ಅವನು ಬಾಯಿ ಬಿಡಲಿಲ್ಲ. ನಮ್ಮ ಮನೆಯಲ್ಲಿ ಇಂಥ ಹೊತ್ತಿನಲ್ಲಿ ಹೆಂಗಸರು ಮುಂದೆ ಬರುತ್ತೇವೆ. ಸೂಪರ್‌ವೈಸರಿಗೆ “ಜ್ವರ ಬಂದಾವ್ರಿ” ಎನ್ನುವವಳು ನಾನು, ನೆಂಟರಿಗೆ “ಊರಿಗೆ ಹೋಗ್ಯಾನ” ಎನ್ನುವವಳು ಅವ್ವ. ನಾನು ಎದ್ದು ನಿಂತೆ. “ಇವ ನಮ್ಮಣ್ಣ ಬಸು. ಅಪ್ಪ ತೀರಿಕೊಂಡ ಮ್ಯಾಲೆ ಕುಡಿಯಾಕ ಹತ್ತಿದ. ಇದಕ್ಕ ಮೂರು ಕಾರಣ ಅದಾವ್ರಿ...”

“ಕುಂತ್ಕೊಳವ್ವ,” ಎಂದರು ನಂಜಪ್ಪ ಮೆಲ್ಲಗೆ. “ಅವ್ರ ಮಾತು ಅವ್ರೇ ಆಡ್ಲಿ.”

“ಅವ ಮಾತಾಡಂಗಿಲ್ರೀ.”

“ಆಡ್ದಿದ್ರೆ ಬ್ಯಾಡ. ಅಂಗೇ ಕುಂತಿರ್ಲಿ.”

ಕೂತೆ. ಚರ್ಚಾಸ್ಪರ್ಧೆಯ ವೇದಿಕೆಯಿಂದ ಗಂಟೆ ಬಾರಿಸಿ ಇಳಿಸಿದ್ದುಂಟು. ಇಷ್ಟು ಮೆತ್ತಗೆ ಯಾರೂ ನನ್ನನ್ನು ಕೂರಿಸಿರಲಿಲ್ಲ. ಕೊನೆಗೆ ಅಣ್ಣ ನೆಲ ನೋಡುತ್ತಲೇ, “ನನ್ನ ಹೆಸರು ಬಸು” ಎಂದ. ಆಮೇಲೆ, “ನಮ್ಮ ಮನ್ಯಾಗ ನಾ ಮಾತಾಡೂದು ಕಡಿಮಿರಿ. ಎಲ್ಲಾ ಅವ್ವ, ತಂಗಿನ ಹೇಳ್ತಾರ.”

“ನಮಸ್ಕಾರ ಬಸು.”



ಕೆಲವು ವಾರ ಅವನು ಕುಡಿಯಲಿಲ್ಲ. ನಾನು ಕರೆಯದೆಯೇ ಭಾನುವಾರ ಶರ್ಟು ಇಸ್ತ್ರಿ ಮಾಡಿಕೊಂಡು ನಂಜಪ್ಪನವರ ಹಿಂದೆ ಹೊರಡುತ್ತಿದ್ದ. ಆಮೇಲೆ ‘ಸ್ಲಿಪ್’ ಆಯಿತು. ಬಿಟ್ಟವನು ಮತ್ತೆ ಕುಡಿದರೆ ಅಲ್ಲಿ ಹಾಗನ್ನುತ್ತಾರೆ. ನಮ್ಮೂರಲ್ಲಾದರೆ ಆಣೆ ಮುರಿದವನು ಪಾಪಿ. ಇಲ್ಲಿ ಅವನು ಜಾರಿದವನು ಅಷ್ಟೆ, ಬೆಂಚಿನ ಮೇಲೆ ಅವನ ಜಾಗ ಹಾಗೇ ಇರುತ್ತದೆ. ಆದರೆ ಆ ಜಾಗಕ್ಕೆ ಅವನು ಇನ್ನೂ ಮರಳಿಲ್ಲ.

ಮೊನ್ನೆ ಸಂಜೆ ಅವ್ವನ ಫೋನು. “ಬಸು ಹ್ಯಾಂಗದಾನ?” ಅಣ್ಣ ಕುಡಿದು ಗೋಡೆಗೆ ಒರಗಿದ್ದ. ‘ಆರಾಮ ಅದಾನವ್ವ’ ಎಂಬುದು ಬಾಯಿಗೆ ಬಂದೇ ಬಂತು.

“ಅವನ್ನ ಕೇಳವ್ವ,” ಎಂದೆ.

“ಅವ ಏನ್ ಹೇಳ್ತಾನ? ಒಡಹುಟ್ಟಿದಾಕಿ ನೀ ಹೇಳಾಕ ಆಗಂಗಿಲ್ಲ? ಬೆಂಗಳೂರಿಗೆ ಹೋಗಿ ಬ್ಯಾರೆಯಾಕಿ ಆದಿ ನೋಡು.”

ಅದು ಸುಳ್ಳೆಂದು ವಾದಿಸಲಾರೆ. ನಮ್ಮೂರಲ್ಲಿ ತನ್ನವರ ಪರವಾಗಿ ಮಾತಾಡುವುದೇ ಪ್ರೀತಿ. ಅದನ್ನು ಬಿಟ್ಟವಳು ಊರಿನವಳಾಗಿ ಉಳಿಯುವುದು ಕಷ್ಟ. ಸುಮ್ಮನಿರುವುದನ್ನು ಪೂರ್ತಿ ಕಲಿಯದೆ ನಾನು ಇಲ್ಲಿಯವಳೂ ಅಲ್ಲ. ಫೋನನ್ನು ಅಣ್ಣನ ಕೈಗೆ ಕೊಟ್ಟೆ. ಕಿವಿಗೆ ಹಿಡಿದುಕೊಂಡ. “ಬಸೂ... ಬಸೂ...” ಎನ್ನುತ್ತ ಆಚೆ ಅವ್ವ ಅಳತೊಡಗಿದಳು. ಕಸಿದುಕೊಳ್ಳಲು ಚಾಚಿದ ಕೈಯನ್ನು ಹಿಂದಕ್ಕೆಳೆದು ಅವನ ಪಕ್ಕ ಕೂತೆ. ಅವನು ಕೇಳಿಸಿಕೊಳ್ಳುತ್ತಿದ್ದ.